ಸಿಡುಕಿಯ ಆರೋಗ್ಯ ಕಾರ್ಡು

ಲಾಂಡ್ರಿಯ ಹಿಂದಿನ ಕೋಣೆ,
ತಾರೀಖು ಹದಿನೇಳು, ಮಂಗಳವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಸಿಡುಕಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಹೇಗಿದ್ದೀಯ? ಊಟ ಸೇರುತ್ತಿದೆಯೇ? ನಿದ್ದೆ ಬರುತ್ತಿದೆಯೇ? ಕೆಮ್ಮು, ನೆಗಡಿ, ಕೈಕಾಲು ನೋವು ಏನಾದರೂ? ಕೇಳುವುದು ಕ್ರಮ, ಅದಕ್ಕೆ ಕೇಳಿದೆ. ನಿನ್ನ ಕಾಗದ ನೋಡಿದರೆ ನೀನು ಕಲ್ಲುಗುಂಡಿನ ಹಾಗೆ ಇದ್ದೀಯ. ಹೋದ ಗುರುವಾರದವರೆಗೆ ಆಸ್ಪತ್ರೆಯ ಕಂಪ್ಯೂಟರಿನ ಪ್ರಕಾರ ಮಾತ್ರ ನಿನ್ನ ಹೃದಯದ ಕವಾಟ ಸೋರುತ್ತಿತ್ತು, ಮೂರು ಮೆಟ್ಟಿಲು ಹತ್ತಿದರೆ ನಿನಗೆ ಏದುಸಿರು ಬರುತ್ತಿತ್ತು, ಇದೇ ಮೂವತ್ತನೇ ತಾರೀಖು ನಿನ್ನ ಎದೆ ಬಿಚ್ಚಿ ರಿಪೇರಿ ಮಾಡಬೇಕಿತ್ತು.

ನಿನ್ನ ಕಾಗದ ಹೋದ ಮಂಗಳವಾರ ಬಂತು. ಅದನ್ನು ಕಾಗದ ಎನ್ನಬೇಕೋ ಕಪಾಳಮೋಕ್ಷ ಎನ್ನಬೇಕೋ ನೀನೇ ಹೇಳು. ಮೇಲೆ ತಾರೀಖಿಲ್ಲ, ಕ್ಷೇಮ ವಿಚಾರಿಸಿಲ್ಲ, ಅತ್ತೆಗೊಂದು ನಮಸ್ಕಾರವಿಲ್ಲ. "ಮಾವ, ನನ್ನ ಎದೆಗೆ ಏನಾಗಿದೆ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತಿರಬೇಕು. ಪರೀಕ್ಷೆಯಲ್ಲಿ ಪಾಸಾದ್ರೂ ಬಸ್ಸು ಕೊಡಲ್ಲ ಅಂದ್ರು. ಹತ್ತು ದಿನ ಕಾಯ್ತೀನಿ, ಆಮೇಲೆ ಆಸ್ಪತ್ರೆಗೆ ನಾನೇ ಬರೀತೀನಿ." ಅಷ್ಟೇ. ಇಷ್ಟು ಮಾತಿಗೆ ಒಂದು ಅಂಚೆಚೀಟಿ ದಂಡ. ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವನು ನಾನು, ನೆನಪಿದೆಯೇ? ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೂ ಮೊದಲನೆಯವನಾಗಿ ನಿಂತವನು. ಊರವರ ಅರ್ಜಿ, ತಕರಾರು, ಮದುವೆ ಮಾತುಕತೆ ಎಲ್ಲವನ್ನೂ ಬರೆದುಕೊಟ್ಟವನು. ಅಂಥವನ ಶಿಷ್ಯೆ ಬರೆಯುವ ಕಾಗದವೇ ಇದು? ಕೋಪ ಬಂದರೆ ಬರಲಿ, ಕೋಪಕ್ಕೂ ಒಂದು ಒಕ್ಕಣೆ ಇರುತ್ತದೆ. ಈಗ ನನ್ನದನ್ನು ಓದು. ನಿನ್ನ ಕಾಗದದ ಹಿಂದೆ ನಾಳೆ ಅಧಿಕಾರಿಗಳ ಕಾಗದ ಬಂದರೂ ಬರಬಹುದು, ಆಗ ಯಾರಿಗಾದರೂ ತೋರಿಸಲು ಇರಲಿ ಎಂದು ಮೊದಲಿನಿಂದ ಬರೆಯುತ್ತಿದ್ದೇನೆ.

ನಾವಿಬ್ಬರು ಇಲ್ಲಿಗೆ ಬಂದು ಹದಿನಾಲ್ಕು ತಿಂಗಳು. ನೀನು ನಮಗಿಂತ ಎರಡು ವರ್ಷ ಮುಂಚೆ ಓಡಿಬಂದೆ, ಪುಣ್ಯವಂತೆ, ಆಗ ಬಾಗಿಲು ಸ್ವಲ್ಪ ತೆರೆದಿತ್ತು, ನಿನಗೆ ಕಾರ್ಡು ಸಿಕ್ಕಿತು. ಮನೆಗೆ ಬೆಂಕಿ ಬೀಳುವವರೆಗೂ ನಾವು ಕಾದೆವು, ಅದೇ ನಮ್ಮ ತಪ್ಪು. ನಮಗೆ ಸಿಕ್ಕಿದ್ದು ಒಂದು ಹಳದಿ ಚೀಟಿ. ಅದರ ಮೇಲೆ ಬರೆದಿರುವುದು ಇಷ್ಟೇ: ಅರ್ಜಿ ವಿಚಾರಣೆಯಲ್ಲಿದೆ. ಆ ಚೀಟಿ ಹಿಡಿದುಕೊಂಡು ನಾನು ಈ ಲಾಂಡ್ರಿಯಲ್ಲಿ ದಿನಕ್ಕೆ ಹನ್ನೊಂದು ಗಂಟೆ ಇಸ್ತ್ರಿ ಉರುಳೆಯ ಮುಂದೆ ನಿಲ್ಲಬಹುದು, ಯಾರೂ ಬೇಡ ಎನ್ನುವುದಿಲ್ಲ. ನಿನ್ನ ಅತ್ತೆ ಪಕ್ಕದ ಮೇಜಿನಲ್ಲಿ ಹಾಸಿಗೆ ಬಟ್ಟೆ ಮಡಚಬಹುದು, ಅದಕ್ಕೂ ಅಡ್ಡಿಯಿಲ್ಲ. ಆ ಬಟ್ಟೆಗಳಲ್ಲಿ ಅರ್ಧಕ್ಕರ್ಧ, ಅಂಚಿಗೆ ಹಸಿರು ಗೆರೆ ಇರುವವು, ಆ ಆಸ್ಪತ್ರೆಯವೇ. ಅವುಗಳ ಮೇಲೆ ಮಲಗುವುದಕ್ಕೆ ಮಾತ್ರ ಬೇರೆ ಬಣ್ಣದ ಚೀಟಿ ಬೇಕು.

ನಿನ್ನ ಅತ್ತೆಗೆ ಉಸಿರು ಕಟ್ಟಲು ಶುರುವಾದದ್ದು ನೀನು ಬಸ್ಸು ಕಲಿಯಲು ಆ ಊರಿಗೆ ಹೊರಟ ವಾರ. ಮೊದಲು ಮೆಟ್ಟಿಲ ಮೇಲೆ, ಆಮೇಲೆ ಮೇಜಿನ ಮುಂದೆ, ಆಮೇಲೆ ಸುಮ್ಮನೆ ಕೂತಲ್ಲಿ. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿಯ ಗುರುತು ಸಂಜೆಯವರೆಗೂ ಹಾಗೇ ಇರುತ್ತಿತ್ತು. ಅಂಗಾತ ಮಲಗಿದರೆ ಮುಳುಗಿದ ಹಾಗಾಗುತ್ತದೆ ಎಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಕೌಂಟರಿನಲ್ಲಿ ಒಬ್ಬ ಗುಮಾಸ್ತನಿದ್ದಾನೆ. ಅವನ ಬಲಗೈಯಲ್ಲಿ ಸದಾ ಒಂದು ಮುದ್ರೆ ಇರುತ್ತದೆ, ಅದನ್ನು ಕಾಗದದ ಮೇಲೆ ಒತ್ತಿದ್ದನ್ನು ನಾನಂತೂ ಕಂಡಿಲ್ಲ. ನಾನು ಅವನಿಗೆ ಮುದ್ರೆರಾಯ ಎಂದು ನಾಮಕರಣ ಮಾಡಿದ್ದೇನೆ. ಮುದ್ರೆರಾಯ ಚೀಟಿಯನ್ನು ಎರಡು ಬೆರಳಲ್ಲಿ, ಯಾರದೋ ಮೂಗೊರೆಸಿದ ಬಟ್ಟೆಯ ಹಾಗೆ ಎತ್ತಿ ನೋಡಿ, "ಇದರಲ್ಲಿ ತುರ್ತು ಚಿಕಿತ್ಸೆ ಮಾತ್ರ" ಅಂದ. ಇದು ತುರ್ತಲ್ಲವೇ ಎಂದೆ. "ನಡ್ಕೊಂಡು ಬಂದಿದ್ದಾರಲ್ಲ." ಹಾಗಾದರೆ ಏನು ಮಾಡಲಿ ಎಂದೆ. "ಬಿದ್ರೆ ಕರ್ಕೊಂಡು ಬನ್ನಿ." ತಮಾಷೆಗೆ ಹೇಳಿದ್ದಲ್ಲ, ನಿಯಮದ ಪುಸ್ತಕ ನೋಡಿ ಹೇಳಿದ್ದು. ಕಾರ್ಡಿಗೆ ಅರ್ಜಿ ಹಾಕುತ್ತೇನೆ ಎಂದರೆ ವಾಸದ ಪುರಾವೆ ತನ್ನಿ ಎನ್ನುತ್ತಾನೆ. ಲಾಂಡ್ರಿಯ ಯಜಮಾನ ಬರೆದುಕೊಡುವುದಿಲ್ಲ, ಏಕೆಂದರೆ ಕಾಗದದಲ್ಲಿ ಈ ಕೋಣೆ ಸೋಪಿನ ಮೂಟೆ ಇಡುವ ಉಗ್ರಾಣ. ಅಂದರೆ ನಾನೂ ನಿನ್ನ ಅತ್ತೆಯೂ ಸರ್ಕಾರದ ಲೆಕ್ಕದಲ್ಲಿ ಎರಡು ಸೋಪಿನ ಮೂಟೆ. ದುಭಾಷಿ ಬೇಕೇ ಎಂದು ಕೇಳಿ ಫೋನು ಹಚ್ಚಿಕೊಟ್ಟರು. ಆ ಕಡೆ ಬಂದ ಹೆಂಗಸು ನಮ್ಮ ನಾಡಿನವಳೇನೋ ಹೌದು, ಆದರೆ ಬೆಟ್ಟದ ಆಚೆಯ ಭಾಷೆಯವಳು. ಐದು ನಿಮಿಷ ಪರಸ್ಪರ ಏನೂ ತಿಳಿಯದೆ ಮರ್ಯಾದೆಯಿಂದ ಮಾತಾಡಿಕೊಂಡೆವು. ಕೊನೆಗೆ ನಾನೇ ಸಾಕು ಎಂದೆ. ಈ ಊರಿನ ಭಾಷೆಯನ್ನು ನಾನು ಎಂಟು ತಿಂಗಳಲ್ಲಿ ಕಲಿತವನು, ಅದೂ ಇಸ್ತ್ರಿಯ ಹಬೆಯಲ್ಲಿ ನಿಂತು. ಇಲ್ಲೇ ಹುಟ್ಟಿದವರೂ ನನ್ನಷ್ಟು ಚೆನ್ನಾಗಿ ಬೈಯಲಾರರು.

ಬಿದ್ದರೆ ತಾನೇ? ಸರಿ, ಬೀಳಿಸೋಣ ಎಂದುಕೊಂಡೆ. ನಗಬೇಡ. ಮರುದಿನ ನಿನ್ನ ಅತ್ತೆಗೆ ಹೇಳಿಕೊಟ್ಟೆ, ಕೌಂಟರಿನ ಮುಂದೆ ಹೋದ ಕೂಡಲೇ ಕಣ್ಣು ಮೇಲೆ ಮಾಡಿ ಧೊಪ್ಪನೆ ಬೀಳು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು. ಅವಳು ಏನು ಮಾಡಿದಳು ಗೊತ್ತೇ? ನೆಲ ನೋಡಿದಳು. ಯಾರೋ ಚಹಾ ಚೆಲ್ಲಿದ್ದರು. ಹೆಗಲ ಮೇಲಿನ ಬಟ್ಟೆ ತೆಗೆದು, ಚೆಲ್ಲಿದ್ದನ್ನು ಬಿಟ್ಟು, ಒಣಗಿದ ಕಡೆ ನೀಟಾಗಿ ಹಾಸಿ, ಅದರ ಮೇಲೆ ನಿಧಾನಕ್ಕೆ ಕೂತು, ಆಮೇಲೆ ಬಿದ್ದಳು. ಇಡೀ ದಿನ ಕಲೆ ಬಿಡಿಸಿದ ಬಟ್ಟೆ ಮಡಚುವವಳ ಕೈಯಲ್ಲಿ ಇನ್ನೇನಾದೀತು? ಕಾವಲುಗಾರ ನೋಡುತ್ತಲೇ ಇದ್ದ. ಒಂದು ಲೋಟ ನೀರು ಕುಡಿಸಿ, ರಕ್ತದ ಒತ್ತಡ ನೋಡಿ, "ನಾಟಕಕ್ಕೆ ಬೇರೆ ಜಾಗ ಇದೆ" ಎಂದು ಕಳಿಸಿದರು. ಬಾಗಿಲ ತನಕ ನಡೆಯುವಷ್ಟರಲ್ಲಿ ಅವಳು ಎರಡು ಸಲ ನಿಂತಳು, ಅದು ನಾಟಕವಲ್ಲ. ಅದನ್ನು ನೋಡಲು ಆಗ ಯಾರೂ ಇರಲಿಲ್ಲ.

ನಿನ್ನ ಕಾರ್ಡಿನ ನೆನಪು ನನಗೆ ಬಂದದ್ದು ಆ ದಿನವೇ. "ಅವಧಿ ಮುಗೀತಾ ಬಂತು, ನವೀಕರಿಸಿ ಕಳಿಸು ಮಾವ" ಎಂದು ನೀನು ಕೊಟ್ಟುಹೋಗಿದ್ದೆ. ನವೀಕರಿಸಿದೆ. ಕಳಿಸಲಿಲ್ಲ. ಅಂಚೆ ತಡ, ಕಚೇರಿ ರಜೆ ಎಂದು ನಿನಗೆ ಫೋನಿನಲ್ಲಿ ಹೇಳಿದ ಕತೆಗಳೆಲ್ಲ ನನ್ನ ಸ್ವಂತ ರಚನೆ, ಚೆನ್ನಾಗಿದ್ದವು ತಾನೇ? ಕಾರ್ಡಿನ ಫೋಟೋ ನೆನಪಿಸಿಕೋ. ಓಡಿಬಂದ ತಿಂಗಳು ತೆಗೆದದ್ದು, ಕೆನ್ನೆ ಬತ್ತಿ, ಕಣ್ಣು ಗುಳಿಬಿದ್ದು, ನಿನ್ನ ಅತ್ತೆಗಿಂತ ನೀನೇ ಮುದುಕಿಯಾಗಿ ಕಾಣುತ್ತೀಯ. ಇಬ್ಬರ ನಡುವೆ ಎಂಟೇ ವರ್ಷದ ಅಂತರ. ಅದೂ ಅಲ್ಲದೆ ಆ ಕೌಂಟರಿನವರ ಕಣ್ಣಿಗೆ ನಾವೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದ ಇಟ್ಟಿಗೆಗಳು. ಹದಿನಾಲ್ಕು ತಿಂಗಳಿನಿಂದ ಅದರಿಂದ ನನಗೆ ಆದದ್ದು ಅವಮಾನ, ಒಂದು ಸಲವಾದರೂ ಲಾಭ ಆಗಲಿ ಎಂದುಕೊಂಡೆ. ಮೂರು ದಿನ ನಿನ್ನ ಹುಟ್ಟಿದ ತಾರೀಖು ಬಾಯಿಪಾಠ ಮಾಡಿಸಿದೆ. ಮುದ್ರೆರಾಯ ಕಾರ್ಡು ನೋಡಿದ, ಅವಳ ಮುಖ ನೋಡಲೇ ಇಲ್ಲ. "ಕೂತ್ಕೊಳ್ಳಿ ಮೇಡಂ" ಅಂದ. ಮೇಡಂ! ಅದೇ ಬಾಯಿ, ಅದೇ ಹೆಂಗಸು, ಅದೇ ಊದಿದ ಕಾಲು. ಕೈಯಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ತುಂಡು ಬಂದ ಕೂಡಲೇ ಮೂಟೆ ಮೇಡಂ ಆದಳು. ನಿನ್ನ ಹೆಸರು ಕರೆದರು, ಇವಳು ಕದಲಲಿಲ್ಲ. ಎರಡನೇ ಸಲ ಕರೆದರು, ಯಾರಪ್ಪ ಅದು ಪಾಪ ಬರಲೇ ಇಲ್ಲ ಎಂಬಂತೆ ಸುತ್ತ ನೋಡಿದಳು. ನಾನು ಪಕ್ಕೆಗೆ ತಿವಿದೆ.

ಒಳಗಿದ್ದ ಹೃದಯದ ಡಾಕ್ಟರು ಒಳ್ಳೆಯ ಹೆಂಗಸು. ಜೋರು, ಆದರೆ ಒಳ್ಳೆಯವಳು. ಎದೆಗೆ ಕೊಳವೆ ಇಟ್ಟವಳು ತುಂಬ ಹೊತ್ತು ತೆಗೆಯಲಿಲ್ಲ. ಚಿಕ್ಕಂದಿನಲ್ಲಿ ಕೀಲು ಊದಿಕೊಂಡು ಜ್ವರ ಬಂದಿತ್ತೇ ಎಂದು ಕೇಳಿದಳು. ಬಂದಿತ್ತು, ನಿನ್ನ ಅತ್ತೆಗೆ, ಒಂಬತ್ತನೇ ವಯಸ್ಸಿನಲ್ಲಿ. ಕವಾಟ ಕೆಡುವುದಕ್ಕೆ ಬೀಜ ಬಿದ್ದದ್ದು ಆಗಲೇ ಅಂತೆ. ಆಮೇಲೆ ಅವಳು ನಿನ್ನ ಹಳೆಯ ಫೈಲು ತೆಗೆದು ನೋಡಿ ಗಾಬರಿಯಾದಳು. ಮೂರು ವರ್ಷದ ಹಿಂದೆ ನೀನು ಬಂದಿಳಿದಾಗ ಪರೀಕ್ಷೆ ಮಾಡಿ ಹೃದಯ ಸರಿಯಿದೆ ಎಂದು ಬರೆದಿದ್ದಾರೆ. ಮೂರೇ ವರ್ಷದಲ್ಲಿ ಇಷ್ಟು ಹಾಳಾಯಿತೇ, ಇದು ಭಾರಿ ವೇಗ, ಕಾಯಲಾಗದು ಎಂದು ಸರದಿಯಲ್ಲಿ ಎಲ್ಲರಿಗಿಂತ ಮುಂದೆ ಹಾಕಿದಳು. ಕೇಳಿದೆಯಾ? ನಿನ್ನ ಗಟ್ಟಿ ಹೃದಯದಿಂದಾಗಿ ನಿನ್ನ ಅತ್ತೆಗೆ ಬೇಗ ತಾರೀಖು ಸಿಕ್ಕಿತು. ಮನೆಗೆ ಬರುವಾಗ ನಾನು ರಸ್ತೆಯ ನಡುವೆ ರಾಜನ ಹಾಗೆ ನಡೆದೆ. ಇಂಥ ತಲೆ ಈ ಊರಿನಲ್ಲಿ ಇನ್ನೊಂದಿಲ್ಲ ಎಂದುಕೊಂಡೆ. ಆ ಕಂಪ್ಯೂಟರಿನ ಬಾಲ ನಿನ್ನ ಬಸ್ ಡಿಪೋದವರೆಗೂ ಉದ್ದವಿದೆ ಎಂದು ನನಗೆ ಯಾರು ಹೇಳಬೇಕಿತ್ತು? ಏಳನೇ ತರಗತಿಯಲ್ಲಿ ಅದನ್ನು ಕಲಿಸಿರಲಿಲ್ಲ.

ತೊಡಕು ಮೊದಲು ಬಂದದ್ದು ರಕ್ತದಿಂದ. ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತ ತೆಗೆದ ನರ್ಸು, "ರಕ್ತದ ಗುಂಪು ಫೈಲಿನಲ್ಲಿ ಒಂದಿದೆ, ಇಲ್ಲಿ ಒಂದು ಬರ್ತಿದೆ" ಅಂದಳು. ನಾನು ತಡಮಾಡಲಿಲ್ಲ. ನಮ್ಮ ಕಡೆ ದೊಡ್ಡ ಜ್ವರ ಬಂದುಹೋದರೆ ರಕ್ತ ಬದಲಾಗುತ್ತದೆ ತಾಯಿ, ನನ್ನದೇ ಎರಡು ಸಲ ಬದಲಾಗಿದೆ ಎಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ಬೆನ್ನ ಮೇಲಿದೆ. ಇನ್ನೊಮ್ಮೆ ರಕ್ತ ಕೊಡಲು ಬನ್ನಿ ಎಂದಳು. ಅದೇ ವಾರ ನಿನ್ನ ಮೂರು ಸಾಲು ಬಂದವು. ಓದಿ, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡೆ. ನಿನಗೆ ಉತ್ತರವಾಗಿ ಒಂದು ಒಳ್ಳೆಯ ಬೈಗುಳದ ಕಾಗದವನ್ನು ಮನಸ್ಸಿನಲ್ಲೇ ತಯಾರು ಮಾಡುತ್ತಿದ್ದೆ. ಒಂದು ಬಸ್ಸಿಗೋಸ್ಕರ ಅತ್ತೆಯ ಪ್ರಾಣ ತೆಗೆಯುತ್ತೀಯಾ ಎಂದು ಶುರು ಮಾಡುವವನಿದ್ದೆ. ಆದರೆ ಅಂಗಿ ಒಗೆಯಲು ಹಾಕುವ ಮುಂಚೆ ಜೇಬು ತಡಕುವುದು ನಿನ್ನ ಅತ್ತೆಯ ಅಭ್ಯಾಸ. ಲಾಂಡ್ರಿಯಲ್ಲಿ ಎಲ್ಲರಿಗೂ ಅದು ಮೊದಲನೆಯ ಪಾಠ. ಇಪ್ಪತ್ತು ವರ್ಷದಿಂದ ಅವಳ ಗಂಡನಾಗಿದ್ದೂ ನಾನು ಅದನ್ನು ಮರೆತೆ.

ಕಾಗದ ಅವಳ ಕೈಗೆ ಸಿಕ್ಕಿತು, ಓದಿದಳು. ಆ ದಿನವಿಡೀ ಹಾಸಿಗೆ ಬಟ್ಟೆ ಮಡಚಿದಳು, ಮೂಲೆಗೆ ಮೂಲೆ ಸೇರಿಸಿ, ಎಂದಿನಂತೆ. ಗುರುವಾರ ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ. ಕೋಣೆಯಲ್ಲೂ ಇಲ್ಲ. ನಾನು ಆಸ್ಪತ್ರೆಗೆ ಓಡಿದೆ. ಓಡಿದೆ ಎಂದರೆ ನಿಜಕ್ಕೂ ಓಡಿದೆ, ಈ ವಯಸ್ಸಿನಲ್ಲಿ, ಇಸ್ತ್ರಿ ಕೈಗವುಸು ಹಾಕಿಕೊಂಡೇ. ಬೆಂಚಿನ ಮೇಲೆ ಕೂತಿದ್ದಳು. ಒಬ್ಬಳೇ ಅಷ್ಟು ದೂರ ನಡೆದು ಬಂದಿದ್ದಳು, ತುಟಿ ನೀಲಿಯಾಗಿತ್ತು. ಕೌಂಟರಿಗೆ ಹೋಗಿ ನಿನ್ನ ಕಾರ್ಡನ್ನು ಮುದ್ರೆರಾಯನ ಮುಂದೆ ಇಟ್ಟು, ತನಗೆ ಬರುವ ಅರೆಬರೆ ಭಾಷೆಯಲ್ಲಿ ತನ್ನ ಹೆಸರು ಹೇಳಿದ್ದಳು. ತನ್ನದೇ ಹೆಸರು, ತನ್ನದೇ ಹುಟ್ಟಿದ ವರ್ಷ, ಹಳದಿ ಚೀಟಿಯ ನಂಬರು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಅಂದಳು: "ಅವಳ ಬಸ್ಸು ಅವಳಿಗೆ ಸಿಗಲಿ ಬಿಡಿ. ನನ್ನ ಎದೆ ನನ್ನ ಹೆಸರಲ್ಲೇ ಬಡ್ಕೊಳ್ಳಲಿ. ಯಾರನ್ನೋ ಕರೆದಾಗೆಲ್ಲ ನಾನು ಎದ್ದು ನಿಂತು ನಿಂತು ಸಾಕಾಯ್ತು."

ಆಮೇಲಿನದು ಕೇಳಬೇಡ. ಮುದ್ರೆರಾಯನಿಗೆ ಸಂಭ್ರಮವೋ ಸಂಭ್ರಮ. ಕೊನೆಗೂ ಮುದ್ರೆ ಒತ್ತಿದ, ಮೂವತ್ತನೇ ತಾರೀಖಿನ ಕಾಗದದ ಮೇಲೆ, ರದ್ದು ಎಂದು. ನನ್ನ ಹಳದಿ ಚೀಟಿಯ ಮೂಲೆಗೂ ಒಂದು ಕೆಂಪು ಗೆರೆ ಬಿತ್ತು. ವಿಚಾರಣೆಯ ದಿನ ಅದಕ್ಕೆ ಉತ್ತರ ಕೊಡಬೇಕಂತೆ, ಕೊಡುತ್ತೇನೆ, ನಾನು ಉತ್ತರಕ್ಕೆ ಹೆದರಿದವನಲ್ಲ. ಹೆದರಿದ್ದು ಡಾಕ್ಟರಿಗೆ. ಒಳಗೆ ಕರೆದು, ಎರಡು ರಕ್ತದ ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಹೇಳಿದಳು: "ಮೇಜಿನ ಮೇಲೆ ಎದೆ ತೆರೆದಿರುವಾಗ ರಕ್ತ ಬೇಕಾಗಿ, ಯಾರಾದರೂ ಅವಸರದಲ್ಲಿ ಈ ಫೈಲು ನೋಡಿ ಕೊಟ್ಟಿದ್ರೆ? ನನ್ನ ಕೈಯಿಂದ ನಿಮ್ಮ ಹೆಂಡತೀನ ಕೊಲ್ಲಿಸ್ತಿದ್ರಿ ನೀವು." ನಾನು ನಿಂತೇ ಇದ್ದೆ. ಕೈಗವುಸು ತೆಗೆದೆ, ಮತ್ತೆ ಹಾಕಿಕೊಂಡೆ. ನನ್ನನ್ನು ಬೈದು ಮುಗಿಸಿದವಳು ಹೊರಗೆ ಹೋಗಿ ಮುದ್ರೆರಾಯನನ್ನೂ ಬೈದಳು. ಎರಡು ತಿಂಗಳ ಹಿಂದೆ ಈ ಹೆಂಗಸು ತನ್ನ ಹೆಸರಲ್ಲೇ ಬಂದಾಗ ಯಾಕೆ ವಾಪಸು ಕಳಿಸಿದ್ರಿ ಎಂದು. ಅವನು ನಿಯಮದ ಪುಸ್ತಕ ತೋರಿಸಿದ. ಅವಳು ಪುಸ್ತಕ ಮುಚ್ಚಿದಳು, ಅಷ್ಟೇ, ಪುಸ್ತಕದ ಒಳಗಿರುವುದನ್ನು ಅವಳೂ ಬದಲಿಸಲಾರಳು. ಮೂವತ್ತನೇ ತಾರೀಖಿನ ಜಾಗವನ್ನು ಇಪ್ಪತ್ತಾರರ ಸಂಜೆಯವರೆಗೆ ಯಾರಿಗೂ ಕೊಡದೆ ಹಿಡಿದಿಡುತ್ತಾಳಂತೆ. ಅಷ್ಟರೊಳಗೆ ನಿನ್ನ ಅತ್ತೆಯ ಹೆಸರಿನಲ್ಲಿ ಕಾರ್ಡು ಆಗಬೇಕು. ಆಗದಿದ್ದರೆ ಮತ್ತೆ ಬೀಳುವವರೆಗೆ ಕಾಯುವುದು. ಎಷ್ಟು ದಿನ ಎಂದು ಕೇಳಿದೆ. "ಈ ಸಲ ನಾಟಕ ಆಡಬೇಕಾಗಲ್ಲ" ಅಂದಳು.

ಆದ್ದರಿಂದ ನೀನು ಆಸ್ಪತ್ರೆಗೆ ಬರೆಯುವ ಶ್ರಮ ತೆಗೆದುಕೊಳ್ಳಬೇಡ. ನಿನ್ನ ಫೈಲು ಸರಿಮಾಡಿ ಡಿಪೋಗೆ ಪತ್ರ ಹಾಕಿದ್ದಾರೆ, ಈ ವಾರ ತಲುಪುತ್ತದೆ. ನಿನ್ನ ಹೃದಯ ಗಟ್ಟಿಯಾಗಿದೆ ಎಂದು ಸರ್ಕಾರವೇ ಮುದ್ರೆ ಹಾಕಿ ಹೇಳಿದೆ, ನಿನ್ನ ಮೂರು ಸಾಲು ಓದಿದಾಗ ನನಗೂ ಹಾಗೇ ಅನ್ನಿಸಿತ್ತು. ಬಸ್ಸು ಹತ್ತು, ಓಡಿಸು, ಐವತ್ತು ಜನರನ್ನು ಕೂರಿಸಿಕೊಂಡು ತಿರುಗು. ಅತ್ತೆಯ ಕಾರ್ಡಿನ ವಿಷಯ ನನಗೆ ಬಿಡು, ನನಗೆ ನೂರು ದಾರಿ ಗೊತ್ತು. ನೀನು ತಪ್ಪು ಮಾಡಿದೆ ಎಂದು ನಾನು ಹೇಳುವುದಿಲ್ಲ. ನಾನು ತಪ್ಪು ಮಾಡಿದೆ ಎಂದೂ ಇವತ್ತು ಹೇಳುವುದಿಲ್ಲ, ಬಿಡುವಿನ ಗಂಟೆ ಮುಗಿಯುತ್ತ ಬಂತು. ನಿನ್ನ ಅತ್ತೆ ಆಶೀರ್ವಾದ ಹೇಳಿದ್ದಾಳೆ. ತಿರುವಿನಲ್ಲಿ ನಿಧಾನ ಅನ್ನು ಎಂದಳು, ನೀನು ಚಿಕ್ಕಂದಿನಲ್ಲಿ ಸೈಕಲ್ಲನ್ನು ಕೊಟ್ಟಿಗೆಯ ಗೋಡೆಗೆ ಗುದ್ದಿದವಳಂತೆ. ಕಾಲಕ್ಕೆ ಸರಿಯಾಗಿ ಊಟ ಮಾಡು. ದೊಡ್ಡವರಿಗೆ ಕಾಗದ ಬರೆಯುವಾಗ ತಾರೀಖು ಹಾಕು.

ಇಂತಿ ನಿನ್ನ ಬಡಾಯಿ ಮಾವ
(ಈ ಹೆಸರು ಇಟ್ಟವಳು ನೀನೇ)

ಮರೆತದ್ದು: ನೂರು ದಾರಿ ಎಂದು ಬರೆದೆ, ಅದು ಸುಳ್ಳು. ಒಂದೇ ಇದೆ, ಈ ಲಕೋಟೆಯೊಳಗೆ ಮಡಚಿಟ್ಟಿದ್ದೇನೆ. ಡಾಕ್ಟರು ಕೊಟ್ಟ ಫಾರಂ. ಕಾರ್ಡು ಇರುವ ರಕ್ತಸಂಬಂಧಿಯೋ ನಂಟರೋ 'ಇವಳು ನನ್ನ ಜೊತೆ ನನ್ನ ವಿಳಾಸದಲ್ಲಿ ಇರುತ್ತಾಳೆ' ಎಂದು ಸಹಿ ಮಾಡಿದರೆ ನಾಲ್ಕೇ ದಿನದಲ್ಲಿ ಕಾರ್ಡು ಕೊಡುತ್ತಾರಂತೆ. ನಮಗೆ ಇಲ್ಲಿ ನಿನ್ನ ಬಿಟ್ಟು ಯಾರೂ ಇಲ್ಲ. ನಿಜವಾಗಿ ಇರಬೇಕು, ಬಂದು ನೋಡುತ್ತಾರೆ, ಆದ್ದರಿಂದ ನೀನು ಡಿಪೋದ ಹಾಸ್ಟೆಲ್ ಬಿಟ್ಟು ಹೊರಗೆ ಒಂದು ಕೋಣೆ ಹಿಡಿಯಬೇಕಾಗುತ್ತದೆ. ನಿನ್ನ ಕಾರ್ಡು ನನ್ನ ಕೈಗೆ ಹೇಗೆ ಬಂತು ಎಂದೂ ನಿನ್ನನ್ನು ಕೇಳಬಹುದು. ಎರಡನ್ನೂ ಮುಚ್ಚಿಡದೆ ಹೇಳಿದ್ದೇನೆ. ನಿನ್ನ ಅತ್ತೆಗೆ ಈ ಫಾರಂನ ವಿಷಯ ಗೊತ್ತಿಲ್ಲ, ಗೊತ್ತಾದರೆ ಹರಿದುಹಾಕುತ್ತಾಳೆ. ನಿನ್ನ ಸಹಿ ನನಗೆ ಚೆನ್ನಾಗಿ ಬರುತ್ತದೆ, ಆ ಬಾಲ ಎಳೆಯುವುದನ್ನು ಕಲಿಸಿದವನೇ ನಾನು. ನಿನ್ನೆ ಪೆನ್ನು ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಸಹಿ ಮಾಡಿ ಶುಕ್ರವಾರದ ಅಂಚೆಗೆ ಹಾಕಿದರೆ ಸರಿಯಾಗುತ್ತದೆ. ಹಾಕಲು ಮನಸ್ಸಿಲ್ಲದಿದ್ದರೆ ಬೇಡ, ಆಗಲೂ ಮೂರು ಸಾಲು ಬರೆ, ನಾನು ಬಾಗಿಲಲ್ಲಿ ಕಾಯುತ್ತ ನಿಲ್ಲದ ಹಾಗೆ.